ಟೇಪು ಹೊತ್ತ ಟ್ಯಾಕ್ಸಿ: ಬಿಬಿಸಿಯ ಡಿಜಿಟಲ್ ಯೋಜನೆ ಕೈಗೂಡದೆ ಹೋದ ಬಗೆ



2013ರ ಏಪ್ರಿಲ್ 8ರಂದು ಬ್ರಿಟನ್ನಿನ ಮಾಜಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ನಿಧನರಾದರು. ಹನ್ನೊಂದು ವರ್ಷ ದೇಶವನ್ನಾಳಿದ ವ್ಯಕ್ತಿಯ ಬದುಕನ್ನು ಅಂದೇ ತೆರೆಯ ಮೇಲೆ ತೋರಿಸಬೇಕಾದರೆ ಹಳೆಯ ದೃಶ್ಯಗಳು ಬೇಕು. ಅವೆಲ್ಲವೂ ಬಿಬಿಸಿಯ ಬಳಿ ಇದ್ದವು. ಆದರೆ ಇದ್ದದ್ದು ಲಂಡನ್ನಿನ ಪಶ್ಚಿಮ ಭಾಗದ ಪೆರಿವೇಲಿನ ಭಂಡಾರದಲ್ಲಿ. ಬೇಕಾಗಿದ್ದದ್ದು ನಗರದ ನಡುವಿನ ಹೊಸ ಪ್ರಸಾರ ಭವನದಲ್ಲಿ. ಕಂಪ್ಯೂಟರಿನ ಮೂಲಕ ತರಿಸಿಕೊಳ್ಳುವ ವ್ಯವಸ್ಥೆ ಇರಲಿಲ್ಲ. ಆದುದರಿಂದ ಟೇಪುಗಳನ್ನು ಟ್ಯಾಕ್ಸಿಯಲ್ಲಿಯೂ ನೆಲದಡಿಯ ರೈಲಿನಲ್ಲಿಯೂ ಹೊತ್ತು ತರಬೇಕಾಯಿತೆಂದು ಆಗಿನ ಪತ್ರಿಕೆಗಳು ವರದಿ ಮಾಡಿದವು.

ಇದರಲ್ಲಿ ನಗುವಂಥದ್ದು ಮೇಲ್ನೋಟಕ್ಕೆ ಏನೂ ಇಲ್ಲ. ಟೇಪು ಹೊತ್ತು ತರುವುದು ಅವಮಾನದ ಕೆಲಸವಲ್ಲ. ಆದರೆ ಆ ದಿನಕ್ಕೆ ಐದು ವರ್ಷಗಳ ಹಿಂದೆಯೇ ಟೇಪಿನ ಕಾಲ ಮುಗಿಯಿತೆಂದು ಅದೇ ಸಂಸ್ಥೆ ಒಂದು ದೊಡ್ಡ ಯೋಜನೆಯನ್ನು ಕೈಗೆತ್ತಿಕೊಂಡಿತ್ತು. ಅದರ ಹೆಸರು ಡಿಜಿಟಲ್ ಮೀಡಿಯಾ ಇನಿಷಿಯೇಟಿವ್, ಕಿರಿದಾಗಿ ಡಿಎಂಐ. ಥ್ಯಾಚರರ ನಿಧನವಾಗಿ ಏಳು ವಾರ ತುಂಬುವ ಮೊದಲೇ, ಮೇ 24ರಂದು, ಹೊಸದಾಗಿ ಬಂದಿದ್ದ ಮಹಾನಿರ್ದೇಶಕ ಟೋನಿ ಹಾಲ್ ಅವರು ಆ ಯೋಜನೆಯನ್ನು ಮುಚ್ಚಿದರು. ಒಟ್ಟು ವೆಚ್ಚ 12.59 ಕೋಟಿ ಪೌಂಡ್. ಮರಳಿ ಬಂದದ್ದನ್ನು ಕಳೆದರೆ ಉಳಿದ ಹೊರೆ 9.84 ಕೋಟಿ ಪೌಂಡ್.

ಈ ಮೊತ್ತದ ತೂಕ ತಿಳಿಯಬೇಕಾದರೆ ಬಿಬಿಸಿಗೆ ಹಣ ಎಲ್ಲಿಂದ ಬರುತ್ತದೆಂದು ನೋಡಬೇಕು. ಟೀವಿ ಇರುವ ಪ್ರತಿ ಮನೆಯೂ ಆಗ ವರ್ಷಕ್ಕೆ 145 ಪೌಂಡ್ 50 ಪೆನ್ಸ್ ಪರವಾನಗಿ ಶುಲ್ಕ ಕಟ್ಟುತ್ತಿತ್ತು. ಭಾಗಿಸಿ ನೋಡಿದರೆ, ಸುಮಾರು 6 ಲಕ್ಷ 76 ಸಾವಿರ ಮನೆಗಳು ಒಂದು ಇಡೀ ವರ್ಷ ಕಟ್ಟಿದ ಶುಲ್ಕ ಈ ಒಂದು ಯೋಜನೆಯಲ್ಲಿ ಕರಗಿತು. ಪುಣೆ, ಹೈದರಾಬಾದು, ಚೆನ್ನೈಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ತಂತ್ರಾಂಶದ ಉದ್ಯೋಗದಲ್ಲಿರುವ ಒಬ್ಬರಾದರೂ ಇಲ್ಲದ ಮನೆ ವಿರಳ. ಅಂಥವರಿಗೆ ಕೈಗೂಡದ ಯೋಜನೆ ಹೊಸ ಸಂಗತಿಯೇನಲ್ಲ. ಆದರೆ ಖಾಸಗಿ ಕಂಪನಿಯಲ್ಲಿ ಯೋಜನೆ ಕೆಟ್ಟರೆ ಕಡತ ಒಳಗೇ ಉಳಿಯುತ್ತದೆ. ಇಲ್ಲಿ ಹಣ ಸಾರ್ವಜನಿಕರದ್ದಾದ್ದರಿಂದ ಪ್ರತಿಯೊಂದು ತಪ್ಪೂ ಲೆಕ್ಕಪರಿಶೋಧಕರ ಮುಂದೆ, ಸಂಸತ್ತಿನ ಸಮಿತಿಯ ಮುಂದೆ ಬಿಚ್ಚಿಕೊಂಡಿತು. ಒಂದು ಸಂಸ್ಥೆ ತನ್ನ ಒಳಬಳಕೆಗಾಗಿ ಪ್ರಕಟಣೆಯ ವೇದಿಕೆಯನ್ನು ಕಟ್ಟಿಕೊಳ್ಳಹೊರಟಾಗ ಎಲ್ಲೆಲ್ಲಿ ಎಡವಬಹುದೆಂದು ಹಗಲ ಬೆಳಕಿನಲ್ಲಿ ನೋಡಲು ಇದಕ್ಕಿಂತ ಒಳ್ಳೆಯ ಪ್ರಕರಣ ಸಿಗುವುದು ಕಷ್ಟ.

ಮೊದಲು ಆ ವೇದಿಕೆ ಏನು ಮಾಡಬೇಕಾಗಿತ್ತೆಂಬುದನ್ನು ತಿಳಿಯೋಣವಾಗಲಿ. ಚಿತ್ರೀಕರಣವಾದ ದೃಶ್ಯವೊಂದು ಸಂಸ್ಥೆಯೊಳಗೆ ಒಮ್ಮೆ ಪ್ರವೇಶಿಸಬೇಕು. ಪ್ರವೇಶಿಸುವಾಗಲೇ ಅದಕ್ಕೆ ಗುರುತು ಅಂಟಬೇಕು: ಯಾರದು, ಎಲ್ಲಿಯದು, ಯಾವ ದಿನದ್ದು, ತೆರೆಯ ಮೇಲೆ ಯಾರಿದ್ದಾರೆ, ಬಳಸುವ ಹಕ್ಕು ಎಷ್ಟು ವರ್ಷದ್ದು. ಆಮೇಲೆ ಯಾವ ಊರಿನ ಯಾವ ಮೇಜಿನ ಮುಂದೆ ಕುಳಿತ ನಿರ್ಮಾಪಕನಾದರೂ ಅದನ್ನು ಹುಡುಕಿ, ನೋಡಿ, ಬೇಕಾದ ತುಣುಕನ್ನು ಕತ್ತರಿಸಿ, ಜೊತೆಯವರಿಗೆ ಕಳಿಸಿ, ಕಾರ್ಯಕ್ರಮವನ್ನು ಕಟ್ಟಬೇಕು. ಪ್ರಸಾರವಾದ ಮೇಲೆ ಅದು ತಾನಾಗಿ ಭಂಡಾರ ಸೇರಬೇಕು, ಇಪ್ಪತ್ತು ವರ್ಷಗಳ ನಂತರವೂ ಹುಡುಕಿದರೆ ಸಿಗಬೇಕು. ದೊಡ್ಡ ಮನೆಯ ಉಗ್ರಾಣದಲ್ಲಿ ಹಿಂದೆ ಒಬ್ಬರೇ ಹಿರಿಯರಿಗೆ ಯಾವ ಭರಣಿಯಲ್ಲಿ ಏನಿದೆಯೆಂದು ಗೊತ್ತಿರುತ್ತಿತ್ತು. ಅವರು ಊರಿಗೆ ಹೋದರೆ ಮೆಂತ್ಯ ಸಿಗುತ್ತಿರಲಿಲ್ಲ. ಆ ಹಿರಿಯರ ನೆನಪನ್ನು ಮನೆಮಂದಿಗೆಲ್ಲ ಹಂಚುವ ಕೆಲಸ ಇದು.

ಉದ್ದೇಶದಲ್ಲಿ ದೋಷವಿರಲಿಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಕೆಟ್ಟ ಯೋಜನೆಗಳ ಹಿಂದೆ ಯಾವಾಗಲೂ ಮೂರ್ಖತನವೋ ಮೋಸವೋ ಇರುತ್ತದೆಂಬ ನಂಬಿಕೆ ರಾಜಕೀಯ ಚರ್ಚೆಗಳಲ್ಲಿ ಬಲವಾಗಿದೆ. ಇಲ್ಲಿ ಬುದ್ಧಿವಂತರಿದ್ದರು, ಹಣವಿತ್ತು, ಕೆಲಸ ಮಾಡುವ ಮನಸ್ಸೂ ಇತ್ತು.

2008ರ ಫೆಬ್ರವರಿಯಲ್ಲಿ ಬಿಬಿಸಿ ಈ ಕೆಲಸವನ್ನು ಸೀಮೆನ್ಸ್ ಕಂಪನಿಗೆ 7.9 ಕೋಟಿ ಪೌಂಡಿನ ಕರಾರಿನಲ್ಲಿ ಒಪ್ಪಿಸಿತು. ಬೇರೆಯವರಿಂದ ಟೆಂಡರು ಕರೆಯಲಿಲ್ಲ. ಬಿಬಿಸಿಯ ತಾಂತ್ರಿಕ ಸೇವೆಗಳನ್ನು 2004ರಿಂದಲೂ ಸೀಮೆನ್ಸೇ ನೋಡಿಕೊಳ್ಳುತ್ತಿತ್ತು. ಹಳೆಯ ಒಪ್ಪಂದದಡಿಯಲ್ಲೇ ಕೊಟ್ಟರೆ ಬೇಗ ಆಗುತ್ತದೆಂಬ ಲೆಕ್ಕಾಚಾರ. ಮೊತ್ತ ನಿಗದಿಯಾದದ್ದರಿಂದ ನಷ್ಟದ ಭಯ ಗುತ್ತಿಗೆದಾರನ ತಲೆಗೆ ಹೋಯಿತು ಎಂದು ಸಂಸ್ಥೆ ನೆಮ್ಮದಿಗೊಂಡಿತು. ಆ ನೆಮ್ಮದಿಗೆ ಒಂದು ಬೆಲೆ ಇತ್ತು. ಹೊಣೆ ನಿನ್ನದು ಎಂದು ಬರೆದುಕೊಟ್ಟ ಮೇಲೆ ನಡುವೆ ಕೈಹಾಕಿ ಇದೇಕೆ ಹೀಗೆ ಎಂದು ಕೇಳುವ ಅಧಿಕಾರ ಕುಗ್ಗುತ್ತದೆ. ಮನೆ ಕಟ್ಟಿಸಿದವರಿಗೆ ಇದು ಚೆನ್ನಾಗಿ ಗೊತ್ತು: ಪೂರ್ತಿ ಗುತ್ತಿಗೆಗೆ ಕೊಟ್ಟು ಗೃಹಪ್ರವೇಶದ ದಿನವೇ ಬಾಗಿಲು ತೆಗೆದು ನೋಡುವವನಿಗೆ ಅಡುಗೆಮನೆಯ ಕಿಟಕಿ ಎಲ್ಲಿರಬೇಕಿತ್ತೆಂದು ಆಗ ಹೊಳೆಯುತ್ತದೆ.

2009ರ ಜುಲೈಯಲ್ಲಿ ಪರಸ್ಪರ ಒಪ್ಪಿಗೆಯಿಂದ ಕರಾರು ಮುರಿಯಿತು. ನಗದು, ಸಾಮಗ್ರಿ, ಸೇವೆಯ ರಿಯಾಯಿತಿ ಎಲ್ಲ ಸೇರಿ 2.75 ಕೋಟಿ ಪೌಂಡಿನಷ್ಟು ಬಿಬಿಸಿಗೆ ಮರಳಿತು. ಯೋಜನೆ 21 ತಿಂಗಳು ಹಿಂದೆ ಬಿದ್ದಿತು. ಅಲ್ಲಿಂದ ಮುಂದೆ ಬಿಬಿಸಿ ಕೆಲಸವನ್ನು ಸಂಸ್ಥೆಯೊಳಗೇ ತಂದು, ತನ್ನ ತಂತ್ರಜ್ಞರಿಂದಲೇ ಕಟ್ಟಿಸಲು ಹೊರಟಿತು. ಆಗ ಮಾಡಿದ ಹೊಸ ಲೆಕ್ಕದಲ್ಲಿ ಯೋಜನೆಯ ಖರ್ಚು ಅದರಿಂದಾಗುವ ಉಳಿತಾಯವನ್ನು ಮೀರಿತ್ತು. ಲಾಭ ತರುವುದೆಂದು ಆರಂಭಿಸಿದ್ದು ನಷ್ಟದ ಬಾಬಾಗಿತ್ತು; ಆದರೂ ಮುಂದುವರಿಸಲಾಯಿತು. ನಿಲ್ಲಿಸಬಹುದಾಗಿದ್ದ ಮೊದಲ ಜಾಗ ಅದು. ಅಲ್ಲಿ ನಿಲ್ಲದಿದ್ದುದನ್ನು ತಪ್ಪೆಂದು ಇಂದು ಹೇಳುವುದು ಸುಲಭ. ಅಂದು ಕುಳಿತವರ ಮುಂದೆ ಉತ್ತರ ಇಂಗ್ಲೆಂಡಿನ ಸ್ಯಾಲ್ಫರ್ಡಿನಲ್ಲಿ ಏಳುತ್ತಿದ್ದ ಹೊಸ ಕೇಂದ್ರವಿತ್ತು. 2011ರಲ್ಲಿ ಎಷ್ಟೋ ವಿಭಾಗಗಳು ಅಲ್ಲಿಗೆ ಸ್ಥಳಾಂತರವಾಗಬೇಕಿತ್ತು, ಅಲ್ಲಿ ಟೇಪಿಲ್ಲದೆ ಕೆಲಸ ನಡೆಯಬೇಕಿತ್ತು.

ಒಳಗೆ ತಂದ ಮೇಲೆ ಆರಂಭ ಚೆನ್ನಾಗಿಯೇ ಆಯಿತು. 2011ರ ಮೊದಲ ತಿಂಗಳುಗಳಲ್ಲಿ ಬಂದ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯ ವರದಿ ಹಳೆಯ ಗುತ್ತಿಗೆಯನ್ನು ಟೀಕಿಸಿದರೂ ಹೊಸ ವ್ಯವಸ್ಥೆಯ ಬಗ್ಗೆ ಭರವಸೆಯ ಮಾತನ್ನೇ ಆಡಿತ್ತು. ಅದೇ ಫೆಬ್ರವರಿಯಲ್ಲಿ ಆಗಿನ ಮಹಾನಿರ್ದೇಶಕ ಮಾರ್ಕ್ ಥಾಂಪ್ಸನ್ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಮುಂದೆ ಹಾಜರಾಗಿ, ಡಿಎಂಐ ಬಳಕೆಗೆ ಬಂದಿದೆ, ಅದರಿಂದ ಹಲವು ಕಾರ್ಯಕ್ರಮಗಳು ಈಗಾಗಲೇ ತಯಾರಾಗುತ್ತಿವೆ ಎಂಬರ್ಥದ ಉತ್ತರ ಕೊಟ್ಟರು. ಮೂರು ವರ್ಷಗಳ ನಂತರ ಸಮಿತಿ ಅದನ್ನು ಕೆದಕಿ ನೋಡಿದಾಗ ಲೆಕ್ಕಕ್ಕೆ ಸಿಕ್ಕಿದ್ದು ಒಂದೇ ಕಾರ್ಯಕ್ರಮ, 'ಬ್ಯಾಂಗ್ ಗೋಸ್ ದಿ ಥಿಯರಿ' ಎಂಬ ವಿಜ್ಞಾನದ ಸರಣಿ. ಅಷ್ಟು ಹೊತ್ತಿಗೆ ಥಾಂಪ್ಸನ್ ಅಟ್ಲಾಂಟಿಕ್ ದಾಟಿ ನ್ಯೂಯಾರ್ಕ್ ಟೈಮ್ಸ್ ಕಂಪನಿಯ ಮುಖ್ಯಸ್ಥರಾಗಿದ್ದರು. 2014ರ ಫೆಬ್ರವರಿಯಲ್ಲಿ ಅವರು ಮತ್ತೆ ಸಮಿತಿಯ ಮುಂದೆ ಬಂದು ಅಂದು ಹೇಳಿದ್ದನ್ನು ಪ್ರಾಮಾಣಿಕವಾಗಿಯೇ ಹೇಳಿದ್ದೆನೆಂದೂ, ಯೋಜನೆ ಸೋತದ್ದಕ್ಕೆ ವಿಷಾದವಿದೆಯೆಂದೂ ತಿಳಿಸಿದರು.

ಅವರ ಮಾತನ್ನು ನಂಬುವುದೇ ಒಳ್ಳೆಯದು. ನಂಬಿದರೆ ಪ್ರಶ್ನೆ ಇನ್ನೂ ಕಠಿನವಾಗುತ್ತದೆ. ಸುಳ್ಳು ಹೇಳಿದ ಮುಖ್ಯಸ್ಥನನ್ನು ಬದಲಿಸಬಹುದು. ಪ್ರಾಮಾಣಿಕನಾದ ಮುಖ್ಯಸ್ಥನ ಕೈಗೆ ಬಂದ ಮಾಹಿತಿಯೇ ಅಷ್ಟು ದೂರ ಬಂದಿದ್ದರೆ ಏನು ಮಾಡುವುದು? ಮೇಜಿನ ಮುಂದೆ ಕುಳಿತ ಸಂಕಲನಕಾರನಿಂದ ಮಹಾನಿರ್ದೇಶಕನವರೆಗೆ ಎಷ್ಟೋ ಮೆಟ್ಟಿಲು. ಕೆಳಗಿನವನು 'ಒಂದು ತಂಡ ಪ್ರಯೋಗ ಮಾಡಿ ನೋಡಿತು' ಎಂದದ್ದು ಎರಡನೆಯ ಮೆಟ್ಟಿಲಲ್ಲಿ 'ಪ್ರಯೋಗ ನಡೆಯುತ್ತಿದೆ' ಆಗಬಹುದು. ನಾಲ್ಕನೆಯದರಲ್ಲಿ 'ಬಳಕೆ ಆರಂಭವಾಗಿದೆ' ಆಗಬಹುದು. ಯಾರೂ ಸುಳ್ಳಾಡಬೇಕಾಗಿಲ್ಲ. ಪ್ರತಿಯೊಬ್ಬರೂ ಮೇಲಿನವರ ಮುಖ ನೋಡಿ ಒಂದೊಂದು ಪದವನ್ನು ಸ್ವಲ್ಪ ಮೆತ್ತಗೆ ಮಾಡಿದರೆ ಸಾಕು.

ಕೆಳಗೆ ಆಗುತ್ತಿದ್ದುದೇ ಬೇರೆ. ತಂತ್ರಾಂಶ ಬರುವುದು ತಡವಾದಂತೆಲ್ಲ ನಿರ್ಮಾಣ ವಿಭಾಗಗಳ ನಂಬಿಕೆ ಕುಸಿಯಿತು. ವಾರದ ಕಾರ್ಯಕ್ರಮ ವಾರಕ್ಕೆ ಪ್ರಸಾರವಾಗಲೇಬೇಕು. ಬರಲಿರುವ ಯಂತ್ರಕ್ಕಾಗಿ ಅದು ಕಾಯುವುದಿಲ್ಲ. ವಿಭಾಗಗಳು ತಮ್ಮ ದಾರಿ ತಾವು ಹುಡುಕಿಕೊಂಡವು, ಬೇರೆ ಸಾಧನಗಳಿಂದ ಕೆಲಸ ಮಾಡಿಕೊಂಡವು, ಅಭ್ಯಾಸ ಬೇರೂರಿತು. ಇತ್ತ ತಂತ್ರಜ್ಞರು ನಿಮ್ಮ ಬೇಡಿಕೆ ದಿನಕ್ಕೊಂದು ಬಗೆಯೆಂದು ದೂರಿದರು, ಅತ್ತ ನಿರ್ಮಾಪಕರು ಕೊಟ್ಟದ್ದು ಕೆಲಸಕ್ಕೆ ಬಾರದೆಂದು ದೂರಿದರು. ಎರಡೂ ನಿಜವಿರಬಹುದು. ಎರಡನ್ನೂ ಕೇಳಿಸಿಕೊಂಡು 'ಇದು ಬೇಕು, ಅದು ಬೇಡ' ಎಂದು ತೀರ್ಮಾನಿಸುವ ಒಬ್ಬ ಯಜಮಾನ ಬೇಕಾಗಿತ್ತು. ಅಂಥವರು ಇರಲಿಲ್ಲ. ಇಡೀ ಯೋಜನೆಯ ಫಲಕ್ಕೆ ತಾನೇ ಹೊಣೆಯೆನ್ನುವ ಒಬ್ಬ ಹಿರಿಯ ಅಧಿಕಾರಿಯನ್ನು ನೇಮಿಸಿಯೇ ಇರಲಿಲ್ಲವೆಂಬುದನ್ನು ಲೆಕ್ಕಪರಿಶೋಧಕರ 2014ರ ವರದಿ ಎತ್ತಿ ತೋರಿಸಿತು. ತಂತ್ರಜ್ಞಾನ ವಿಭಾಗ ಯಂತ್ರಕ್ಕೆ ಹೊಣೆ. ಹಣಕಾಸು ವಿಭಾಗ ಲೆಕ್ಕಕ್ಕೆ ಹೊಣೆ. ಸಮಿತಿಗಳು ಸಭೆಗೆ ಹೊಣೆ. ಜನರ ಕೆಲಸದ ರೀತಿಯೇ ಬದಲಾಗಬೇಕಾದ ಯೋಜನೆಯನ್ನು ಯಂತ್ರ ಜೋಡಿಸುವ ಯೋಜನೆಯೆಂದು ಎಣಿಸಿದ್ದೇ ಮೂಲದ ತಪ್ಪೆಂದು ಪ್ರೈಸ್‌ವಾಟರ್‌ಹೌಸ್‌ಕೂಪರ್ಸ್ ಸಂಸ್ಥೆ 2013ರ ಡಿಸೆಂಬರಿನಲ್ಲಿ ಕೊಟ್ಟ ವರದಿಯ ಸಾರವೂ ಅದೇ ದಿಕ್ಕಿನಲ್ಲಿದೆ.

ಎಚ್ಚರಿಕೆ ಬರಲಿಲ್ಲವೆಂದಲ್ಲ. ಸಂಸ್ಥೆಯಲ್ಲಿ ಹಿಂದೆ ತಂತ್ರಜ್ಞಾನದ ಉನ್ನತ ಹುದ್ದೆಯಲ್ಲಿದ್ದವರೊಬ್ಬರು 2012ರ ಮೇ ತಿಂಗಳಲ್ಲಿ ಬಿಬಿಸಿ ಟ್ರಸ್ಟಿನ ಅಧ್ಯಕ್ಷರಿಗೇ ಪತ್ರ ಬರೆದು ಆತಂಕ ತೋಡಿಕೊಂಡಿದ್ದರು. ಕೆಲಸ ತಡೆಹಿಡಿದು ಪರಿಶೀಲನೆಗೆ ಇಟ್ಟದ್ದು ಆ ವರ್ಷದ ಅಕ್ಟೋಬರಿನಲ್ಲಿ. ಮುಚ್ಚಿದ್ದು ಮತ್ತೂ ಏಳು ತಿಂಗಳ ಮೇಲೆ. ಮುಚ್ಚುವಾಗ ಕೊಟ್ಟ ಕಾರಣಗಳಲ್ಲಿ ಒಂದು ಗಮನಾರ್ಹ: ಐದು ವರ್ಷಗಳ ಹಿಂದೆ ಪೇಟೆಯಲ್ಲಿ ಇಲ್ಲದಿದ್ದ ಸಿದ್ಧ ತಂತ್ರಾಂಶಗಳು ಈಗ ಬಂದಿವೆ, ಕಟ್ಟುವುದಕ್ಕಿಂತ ಕೊಳ್ಳುವುದೇ ಲೇಸು. ಐದು ವರ್ಷ ಹಿಡಿಯುವ ಯಾವ ಡಿಜಿಟಲ್ ಯೋಜನೆಯಾದರೂ ಈ ಅಪಾಯವನ್ನು ಬೆನ್ನಿಗೆ ಕಟ್ಟಿಕೊಂಡೇ ಹೊರಡುತ್ತದೆ. ಊರು ಸೇರುವಷ್ಟರಲ್ಲಿ ಸಂತೆ ಮುಗಿದಿರುತ್ತದೆ.

ಈ ವೈಫಲ್ಯಕ್ಕೆ ಆ ಕಾಲವೇ ಕಾರಣ, ದೊಡ್ಡ ಸಂಸ್ಥೆಗಳಲ್ಲಿ ಹೀಗೆಯೇ ಆಗುತ್ತದೆ ಎಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಅದೇ ಲಂಡನ್ನಿನಲ್ಲಿ, ಅವೇ ವರ್ಷಗಳಲ್ಲಿ, ಅದೇ ದೇಶದ ಸರಕಾರ ತನ್ನ ಒಳಬಳಕೆಗಾಗಿ ಇನ್ನೊಂದು ಪ್ರಕಟಣೆಯ ವೇದಿಕೆಯನ್ನು ಕಟ್ಟುತ್ತಿತ್ತು. ಬ್ರಿಟನ್ನಿನ ಸರಕಾರಿ ಮಾಹಿತಿ ಆಗ ನೂರಾರು ಜಾಲತಾಣಗಳಲ್ಲಿ ಹರಡಿಕೊಂಡಿತ್ತು. ಅವನ್ನೆಲ್ಲ ಒಂದೇ ತಾಣಕ್ಕೆ ತರಬೇಕೆಂದು ಮಾರ್ಥಾ ಲೇನ್ ಫಾಕ್ಸ್ 2010ರಲ್ಲಿ ಸರಕಾರಕ್ಕೆ ಸಲಹೆ ಕೊಟ್ಟರು. ಮರುವರ್ಷ ಒಂದು ಚಿಕ್ಕ ತಂಡ ಕೂತು 12 ವಾರಗಳಲ್ಲಿ ಒಂದು ಮಾದರಿಯನ್ನು ತಯಾರಿಸಿತು. 2011ರ ಮೇ ತಿಂಗಳಲ್ಲಿ ಅದನ್ನು ಸಾರ್ವಜನಿಕರ ಮುಂದೆಯೇ ಇಟ್ಟಿತು. ಅದು ಅರೆಬೆಂದ ವಸ್ತುವೆಂದು ತಂಡಕ್ಕೂ ಗೊತ್ತಿತ್ತು, ನೋಡಿದವರಿಗೂ ತಿಳಿಯಿತು. ಏನು ಸಾಲದೆಂದು ಜನರೇ ಹೇಳಿದರು. ಅದನ್ನು ಒಡೆದು ಮತ್ತೆ ಕಟ್ಟಿದರು. 2012ರ ಅಕ್ಟೋಬರ್ 17ರಂದು ಗವ್ ಡಾಟ್ ಯುಕೆ ಎಂಬ ಹೆಸರಿನಲ್ಲಿ ತಾಣ ಬಳಕೆಗೆ ಬಂದಿತು. ಬಿಬಿಸಿಯಲ್ಲಿ ಡಿಎಂಐ ಕೆಲಸ ನಿಂತದ್ದು ಅದೇ ತಿಂಗಳು. ಮುಂದಿನ ವಸಂತದೊಳಗೆ 24 ಮಂತ್ರಾಲಯಗಳು ಅಲ್ಲಿಗೆ ಬಂದು ಸೇರಿದವು. 2013ರ ಏಪ್ರಿಲ್‌ನಲ್ಲಿ, ಟೇಪುಗಳು ಟ್ಯಾಕ್ಸಿಯಲ್ಲಿ ಓಡಾಡಿದ ತಿಂಗಳಲ್ಲೇ, ಆ ತಾಣಕ್ಕೆ ಲಂಡನ್ನಿನ ಡಿಸೈನ್ ಮ್ಯೂಸಿಯಂನ ವರ್ಷದ ವಿನ್ಯಾಸ ಪ್ರಶಸ್ತಿ ಬಂದಿತು.

ಹೋಲಿಕೆಯಲ್ಲಿ ನ್ಯಾಯ ತಪ್ಪಬಾರದು. ಅಕ್ಷರವನ್ನು ಪ್ರಕಟಿಸುವುದು ಹಗುರ, ದೃಶ್ಯವನ್ನು ಹೊರುವುದು ಭಾರ. ಒಂದು ಗಂಟೆಯ ಉತ್ತಮ ದರ್ಜೆಯ ಚಿತ್ರಿಕೆ ಸರಕಾರದ ಸಾವಿರಾರು ಪುಟಗಳಿಗಿಂತ ಹೆಚ್ಚಿನ ಜಾಗ ತಿನ್ನುತ್ತದೆ. ಸರಕಾರಿ ತಾಣವೂ ದೋಷಮುಕ್ತವಲ್ಲ. ಪ್ರಕಟಿಸುವುದು ಸುಲಭವಾದ ಮೇಲೆ ಪ್ರತಿ ಇಲಾಖೆಯೂ ಪುಟಗಳನ್ನು ಪೇರಿಸುತ್ತಾ ಹೋಗಿ, ಒಂದೇ ವಿಷಯಕ್ಕೆ ಹಲವು ಪುಟಗಳಾಗಿ, ಆಮೇಲೆ ಅವನ್ನು ಕಳೆ ಕೀಳುವ ಕೆಲಸವೇ ದೊಡ್ಡದಾಯಿತು. ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಒಂದು ಕಡೆ ಮೂರು ತಿಂಗಳಿಗೆ ಮುಟ್ಟಿ ನೋಡುವಂಥ ವಸ್ತು ಎದುರಿಗಿತ್ತು, ಆದುದರಿಂದ ವರದಿಯಲ್ಲಿ ಪದ ಮೆತ್ತಗಾಗಲು ಎಡೆಯಿರಲಿಲ್ಲ; ಯಾವ ಮಂತ್ರಿಯಾದರೂ ತನ್ನ ಕಂಪ್ಯೂಟರಿನಲ್ಲಿ ತೆರೆದು ನೋಡಬಹುದಿತ್ತು. ಇನ್ನೊಂದು ಕಡೆ ವರ್ಷಗಟ್ಟಲೆ ಎದುರಿಗಿದ್ದದ್ದು ವರದಿಗಳು.

ಈ ಪ್ರಸಂಗದಲ್ಲಿ ಸಂಸತ್ತಿನ ಸಮಿತಿಯ ಪಾತ್ರವನ್ನೂ ನೆನೆಯಬೇಕು. ಅದರ ಅಧ್ಯಕ್ಷೆ ಮಾರ್ಗರೆಟ್ ಹಾಜ್ ವಿರೋಧಪಕ್ಷದವರು. ಆ ಸ್ಥಾನ ವಿರೋಧಪಕ್ಷಕ್ಕೆ ಸಲ್ಲುವುದು ಅಲ್ಲಿನ ರೂಢಿ. ಭಾರತದಲ್ಲಿಯೂ ಸಾರ್ವಜನಿಕ ಲೆಕ್ಕಪತ್ರ ಸಮಿತಿ 1921ರಿಂದ ಇದೆ. 1967ರಿಂದ ಇಲ್ಲಿಯೂ ವಿರೋಧಪಕ್ಷದ ಸದಸ್ಯರೇ ಅದರ ಅಧ್ಯಕ್ಷರಾಗುವ ಸಂಪ್ರದಾಯ ಬೆಳೆದುಬಂದಿದೆ. ಸರಕಾರಿ ಪೋರ್ಟಲುಗಳು, ಆ್ಯಪುಗಳು ಒಂದರ ಮೇಲೊಂದು ಉದ್ಘಾಟನೆಯಾಗುವ ಈ ಕಾಲದಲ್ಲಿ ಉದ್ಘಾಟನೆಯ ಭಾಷಣಕ್ಕೆ ಸಿಗುವ ಜಾಗದ ಹತ್ತರಲ್ಲೊಂದು ಭಾಗವೂ ಲೆಕ್ಕಪರಿಶೋಧಕರ ವರದಿಗೆ ಪತ್ರಿಕೆಗಳಲ್ಲಿ ಸಿಗುವುದಿಲ್ಲ. ಬ್ರಿಟನ್ನಿನಲ್ಲಿ ಆ ಹಣ ಮರಳಿ ಬರಲಿಲ್ಲ ನಿಜ. ಆದರೆ ಹೇಗೆ ಹೋಯಿತೆಂಬುದನ್ನು ಶುಲ್ಕ ಕಟ್ಟಿದ ಗೃಹಸ್ಥ ಓದಬಹುದು.

ಹೊರನಾಡಿನ ಸಂಘಗಳಲ್ಲಿಯೂ ಇಂಥ ಮಾತು ಆಗಾಗ ಏಳುತ್ತದೆ: ಮಾಸಪತ್ರಿಕೆಯನ್ನು, ಹಳೆಯ ಸಂಚಿಕೆಗಳನ್ನು, ಸಮಾರಂಭದ ಚಿತ್ರಗಳನ್ನು, ಸದಸ್ಯರ ವಿವರವನ್ನು ಒಂದೇ ಕಡೆ ಇಡುವ ಸ್ವಂತ ಆ್ಯಪು ಬೇಕು. ಕಾರ್ಯಕಾರಿ ಸಮಿತಿಯಲ್ಲಿ ಠರಾವು ಆಗುತ್ತದೆ, ದಾನಿಗಳು ಸಿಗುತ್ತಾರೆ, ಯಾರದೋ ಪರಿಚಯದ ಹುಡುಗನಿಗೆ ಕೆಲಸ ಒಪ್ಪಿಸಲಾಗುತ್ತದೆ. ಆಗ ಕೇಳಬೇಕಾದ ಮೊದಲ ಪ್ರಶ್ನೆ ತಂತ್ರಜ್ಞಾನದ್ದಲ್ಲ. ಪತ್ರಿಕೆಯ ಪುಟ ಕಟ್ಟುವ ಹಿರಿಯರು, ಬಹುಶಃ ಅರವತ್ತು ದಾಟಿದವರು, ಮುಂದಿನ ತಿಂಗಳು ಒಂದೇ ಒಂದು ಲೇಖನವನ್ನು ಅದರಲ್ಲಿ ತಾವಾಗಿ ಹಾಕಬಲ್ಲರೇ? ಅವರು ಪಕ್ಕದಲ್ಲಿ ಕುಳಿತು ನೋಡದ ಯಾವ ಪ್ರಾತ್ಯಕ್ಷಿಕೆಗೂ ಬೆಲೆಯಿಲ್ಲ. ಎರಡನೆಯದು, ಸಮಿತಿ ಬದಲಾದ ಮೇಲೆ ಇದರ ಯಜಮಾನ ಯಾರು? ಸಿದ್ಧ ತಂತ್ರಾಂಶದಲ್ಲಿ ಆಗುವುದಾದರೆ ಕಟ್ಟಿಸುವುದೇಕೆ ಎಂಬ ಪ್ರಶ್ನೆಗೆ ಅಭಿಮಾನ ಬಿಟ್ಟು ಉತ್ತರ ಹೇಳಬಲ್ಲ ಒಬ್ಬರಾದರೂ ಸಭೆಯಲ್ಲಿ ಇರಬೇಕು. ಅವರ ಮಾತು ಅಪಶಕುನವೆಂದು ಎಣಿಸದ ಅಧ್ಯಕ್ಷರೂ ಇರಬೇಕು.

ಡಿಎಂಐ ಮುಚ್ಚಿದ ಮೇಲೆ ಬಿಬಿಸಿಯ ಮುಖ್ಯ ತಂತ್ರಜ್ಞಾನಾಧಿಕಾರಿಯನ್ನು 2013ರ ಜುಲೈಯಲ್ಲಿ ವಜಾ ಮಾಡಲಾಯಿತು. ಮರುವರ್ಷ ಆಗಸ್ಟಿನಲ್ಲಿ ಉದ್ಯೋಗ ನ್ಯಾಯಮಂಡಳಿ ಆ ವಜಾ ನ್ಯಾಯಸಮ್ಮತವಲ್ಲವೆಂದು ತೀರ್ಪು ಕೊಟ್ಟಿತು. ಹೊಣೆಗಾರನನ್ನು ಮೊದಲೇ ಗೊತ್ತುಮಾಡದ ಸಂಸ್ಥೆ ಕೊನೆಗೆ ಒಬ್ಬನನ್ನು ಹುಡುಕಿಕೊಂಡಾಗ ಹಾಗಾಗುವುದು ಸಹಜ.

ಇಷ್ಟೆಲ್ಲದರ ನಂತರ ಯೋಜನೆಯಿಂದ ಬಳಕೆಗೆ ಉಳಿದದ್ದು ಒಂದು ತುಂಡು, ಭಂಡಾರದಲ್ಲಿ ಏನಿದೆಯೆಂದು ಹುಡುಕುವ ಪಟ್ಟಿ. ಅದು ತೆಗೆದುಹಾಕಬೇಕಾಗಿದ್ದ ನಲವತ್ತು ವರ್ಷದ ಹಳೆಯ ವ್ಯವಸ್ಥೆಗೆ ವರ್ಷಕ್ಕೆ 7 ಲಕ್ಷ 80 ಸಾವಿರ ಪೌಂಡ್ ಖರ್ಚಾಗುತ್ತಿತ್ತು. ಹೊಸದಕ್ಕೆ 30 ಲಕ್ಷ. ಸಂಸತ್ತಿನ ಸಮಿತಿ 2014ರ ಏಪ್ರಿಲ್‌ನಲ್ಲಿ ವರದಿ ಕೊಡುವಾಗ ಅದನ್ನು ನಿಯಮಿತವಾಗಿ ಬಳಸುತ್ತಿದ್ದವರು 163 ಮಂದಿ. ಹಳೆಯದರಲ್ಲಿ ಮಾಡುತ್ತಿದ್ದ ಕೆಲವು ಕೆಲಸಗಳಿಗೆ ಅವರಿಗೆ ಈಗ ಹತ್ತು ಪಟ್ಟು ಸಮಯ ಹಿಡಿಯುತ್ತಿತ್ತು.